ನಿಜವಾಗಿಯೂ

ಚಿಯಾತುರಾದ ಕಣಿವೆಯಲ್ಲಿ ಹೊಳೆ ಕಪ್ಪು.
ಮ್ಯಾಂಗನೀಸ್ ತೊಳೆದ ನೀರು. ಇಲ್ಲಿ ಮೀನೂ ಕಪ್ಪೇ ಅನ್ನುತ್ತಿದ್ದೆ ನೀನು,
ಮೀನೇ ಇಲ್ಲವೆಂದು ಗೊತ್ತಿದ್ದೂ.
ಹೊಳೆಯ ಮೇಲೆ ತಂತಿಗೆ ಜೋತ ತಗಡಿನ ಡಬ್ಬಿ,
ಅದರ ಬಾಗಿಲು ಹಾಕಿ ತೆಗೆಯುವವಳು ನಾನು,
ಇಪ್ಪತ್ತಾರು ವರ್ಷದಿಂದ.
ಬೆಳಿಗ್ಗೆ ಗಣಿಗೆ ಹದಿನೈದು ಮಂದಿ,
ಸಂಜೆ ಮನೆಗೆ ಹದಿನೈದು ಮಂದಿ.
ಎಣಿಸುವುದು ನನ್ನ ಕೆಲಸ.
ಒಂದು ಸಂಜೆ ಲೆಕ್ಕ ಹನ್ನೊಂದಕ್ಕೇ ನಿಂತಿತು, ಜುಂಬೆರ್.

ಮೂರನೆಯ ದಿನ ಕಲ್ಲು ಸರಿಸಿ
ಒಬ್ಬನನ್ನು ಜೀವಸಹಿತ ತೆಗೆದರು.
ನೀನಲ್ಲ. ಮಾಲ್ಖಾಜ್.
ನಾಲ್ಕನೆಯ ದಿನ ಎಂಜಿನಿಯರು ಟೋಪಿ ತೆಗೆದು ನಿಂತ.

ಗುಡ್ಡದ ಮೇಲೆ ನಿನ್ನ ಹೆಸರಿನ ಕಲ್ಲಿದೆ,
ಕಲ್ಲಿನಡಿ ನಿನ್ನ ಕಂದು ಕೋಟು,
ಅದರ ಜೇಬಿಗೆ ನಾನೇ ಹಾಕಿದ ಬಾಚಣಿಗೆ.
ಅಷ್ಟೇ.

ಪ್ರತಿ ಈಸ್ಟರಿಗೆ ಪಾದ್ರಿ ಓದುತ್ತಾನೆ:
ಹೆಂಗಸರು ಬೆಳಗಿನ ಜಾವ ಸುಗಂಧ ಹಿಡಿದು ಹೋದರು,
ಕಲ್ಲನ್ನು ಯಾರು ಉರುಳಿಸಿಯಾರು ಎಂದು ದಾರಿಯುದ್ದ ಚಿಂತಿಸಿದರು,
ಹೋಗಿ ನೋಡಿದರೆ ಗೋರಿ ಬರಿದಾಗಿತ್ತು.
ಇದು ಸಂತೋಷದ ಸುದ್ದಿ ಅನ್ನುತ್ತಾನೆ.
ನಾನು ಹಿಂದಿನ ಕಂಬಕ್ಕೊರಗಿ ಹಲ್ಲು ಕಚ್ಚುತ್ತೇನೆ:
ನನ್ನದೂ ಬರಿದೇ ಇದೆಯಲ್ಲ, ಸ್ವಾಮಿ,
ಒಂಬತ್ತು ವರ್ಷದಿಂದ. ಯಾವ ಗಂಟೆ ಬಾರಿಸಿದಿರಿ?

"ಕ್ರಿಸ್ತ ಎದ್ದಿದ್ದಾನೆ!"
"ನಿಜವಾಗಿಯೂ ಎದ್ದಿದ್ದಾನೆ!" ಇಗರ್ಜಿಗೆ ಇಗರ್ಜಿಯೇ ಮೊಳಗುತ್ತದೆ.
ನಾನು ಎರಡನೆಯ ಪದ ಮಾತ್ರ ಹೇಳುತ್ತೇನೆ.
ಅಷ್ಟು ಗದ್ದಲದಲ್ಲಿ
ಒಬ್ಬಳು ಬಿಟ್ಟ ಪದ ಯಾರ ಕಿವಿಗೆ ಬೀಳುತ್ತದೆ?

ಆದರೂ ಮಂಜಿಷ್ಠದ ಬೇರು ಕುದಿಸಿ ಮೊಟ್ಟೆಗೆ ಕೆಂಪು ಹಾಕುತ್ತೇನೆ.
ಉಗುರಿನ ಸಂದಿಯ ಕಪ್ಪಿನ ಮೇಲೆ ಕೆಂಪು ಕೂರುತ್ತದೆ,
ಎರಡೂ ವಾರಗಟ್ಟಲೆ ಹೋಗುವುದಿಲ್ಲ.
ತಟ್ಟೆಯಲ್ಲಿ ಒದ್ದೆ ಬಟ್ಟೆ, ಮೇಲೆ ಹಿಡಿ ಗೋಧಿ.
ಕಾಳು ಮೊದಲು ಕೆಟ್ಟೇಹೋಯಿತೆನ್ನುವಂತೆ ಊದುತ್ತದೆ,
ಹುಳಿ ನಾತ ಹೊಡೆಯುತ್ತದೆ, ಎಸೆದುಬಿಡೋಣ ಅನಿಸುತ್ತದೆ.
ಒಂದು ವರ್ಷ ಎಸೆದೂಬಿಟ್ಟೆ.

ಮಾಲ್ಖಾಜ್ ನನ್ನ ಡಬ್ಬಿ ಹತ್ತಿದವನೇ ಅಲ್ಲ ಆಮೇಲೆ.
ಕುಂಟುಗಾಲಲ್ಲಿ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದ,
ಮೇಲಿನಿಂದ ಅವನ ನೆತ್ತಿಯಷ್ಟೇ ಕಾಣುತ್ತಿತ್ತು ನನಗೆ.
ಈ ಸೋಮವಾರ, ಎಲ್ಲರೂ ಗೋರಿಗಳಿಗೆ ಹೊರಟ ಹೊತ್ತು,
ಬಾಗಿಲಲ್ಲಿ ಬೆಳಕಿಗೆ ಬೆನ್ನಾಗಿ ಒಬ್ಬ ನಿಂತ,
ಕೈಯಲ್ಲಿ ಹಸಿರು ಗೋಧಿಯ ತಟ್ಟೆ.
ಯಾರೋ ತೋಟದವನು ಅಂದುಕೊಂಡೆ.
"ನಜಿಬ್ರೋಲಾ," ಅಂದ.

ಹೊಳೆಯ ನಟ್ಟನಡುವೆ, ಡಬ್ಬಿ ತೂಗುವಾಗ, ಹೇಳಿದ.
ತಟ್ಟೆಗೇ ಹೇಳಿದ, ನನಗಲ್ಲ.
"ಎರಡನೆಯ ರಾತ್ರಿ ಅವನು ಕೇಳಿದ, ಮೇಲೆ ಬೆಳಗಾಗಿರಬಹುದಾ?
ನಾನು, ಗೊತ್ತಿಲ್ಲ ಅಂದೆ.
ಆಗಿರುತ್ತೆ, ನಾಜೋ ಬಾಗಿಲು ತೆಗೆದು ಕಾಯ್ತಿರ್ತಾಳೆ, ಅಂದ.
ಹೆದರಿಕೆಯಿಲ್ಲದೆ ಅಂದ.
ಆಮೇಲೆ ನನ್ನ ಕೈ ಹಿಡಿದಿದ್ದ ಅವನ ಕೈ ತಣ್ಣಗಾಯಿತು."

ತೆಗೆದೇ ಇಟ್ಟಿದ್ದೆ, ಜುಂಬೆರ್.
ಮೂರು ರಾತ್ರಿ. ಡಬ್ಬಿಯನ್ನು ಕೆಳಗೆ ಬಿಡಲೊಲ್ಲೆನೆಂದು
ಅಧಿಕಾರಿಯ ಕೈಯಿಂದ ಬೈಸಿಕೊಂಡಿದ್ದೆ.
ನಿನಗೆ ಗೊತ್ತಿತ್ತು.
ಅಷ್ಟು ಮಣ್ಣಿನಡಿ, ದೀಪ ಆರಿದ ಮೇಲೂ,
ನಿನಗೆ ಗೊತ್ತಿತ್ತು.

ಗೋರಿಯ ಮೇಲೆ ಕೆಂಪು ಮೊಟ್ಟೆ ಉರುಳಿಸಿದೆವು.
ಅವನ ಮೊಟ್ಟೆಗೆ ನನ್ನದನ್ನು ತಾಕಿಸಿದೆ, ನನ್ನದೇ ಒಡೆಯಿತು.
ವೈನು ಮಣ್ಣಿಗಿಷ್ಟು, ನಮಗಿಷ್ಟು.
"ಕ್ರಿಸ್ತ ಎದ್ದಿದ್ದಾನೆ," ಅಂದ ಮಾಲ್ಖಾಜ್, ಪಿಸುದನಿಯಲ್ಲಿ,
ತಪ್ಪೊಪ್ಪಿಕೊಳ್ಳುವವನ ಹಾಗೆ.
"ನಿಜವಾಗಿಯೂ," ಅಂದೆ.
ಮುಂದಿನದು ಬರಲಿಲ್ಲ, ಗಂಟಲು ಕಟ್ಟಿತ್ತು.
ಅದನ್ನು ಅವನೇ ಹೇಳಿದ.

ಸಂಜೆಯ ಕೊನೆಯ ಸರದಿಗೆ ಎಣಿಸಿದೆ, ಹದಿಮೂರು ಮಂದಿ.
ಬಾಗಿಲನ್ನು ಇನ್ನಷ್ಟು ಹೊತ್ತು ತೆರೆದೇ ಹಿಡಿದೆ.
ಚಳಿ ಬರ್ತಿದೆ ತಾಯಿ ಎಂದು ಒಳಗೆ ಯಾರೋ ಗೊಣಗಿದರು.
ಬರಲಿ ಅಂದೆ.